ಮುಟ್ಟಿದರೆ ಮುನಿಯ ಬಸ್ ಪ್ರಯಾಣ

ಮುನಿಸಿಕೊಳ್ಳುವುದೂ ಒಂದು ವಿದ್ಯೆ. ಸಿಟ್ಟು ಯಾರಿಗೆ ಬೇಕಾದರೂ ಬರುತ್ತದೆ. ಬಾಯಿ ಬಿಡದೆ ಅದನ್ನು ಇಡೀ ಮನೆಗೆ ತಿಳಿಸುವುದು ಎಲ್ಲರಿಗೂ ಒಲಿಯುವುದಿಲ್ಲ. ನನಗೆ ಒಲಿದಿದೆ ಎಂದು ಬಹಳ ವರ್ಷ ನಂಬಿದ್ದೆ. ನಾನಿಟ್ಟ ಕನ್ನಡಕವನ್ನು ಯಾರಾದರೂ ಸರಿಸಿದರೆ ಸಾಕು, ‘ನನಗೆ ಊಟ ಬೇಡ’ ಎಂದು ಘೋಷಿಸಿ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತುಬಿಡುತ್ತೇನೆ. ಇದಕ್ಕೊಂದು ಕ್ರಮವಿದೆ. ಒಳಗಿನಿಂದ ಮೂರು ಸಲ ಕರೆಯಬೇಕು. ಮೊದಲೆರಡು ನನಗೆ ಕೇಳಿಸಬಾರದು, ಮೂರನೆಯದಕ್ಕೆ ‘ಏನೋ ನಿಮ್ಮ ಬಲವಂತಕ್ಕೆ’ ಎಂಬ ಮುಖ ಹೊತ್ತು ಏಳಬೇಕು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಗಿರಿಜೆ ಮೂರು ಸಲವೂ ಬಾಗಿಲವರೆಗೆ ಬಂದು ಕರೆಯುತ್ತಿದ್ದಳು. ಆಮೇಲಾಮೇಲೆ ಅದು ಅಡುಗೆಮನೆಯಿಂದಲೇ ಒಂದು ಸಲಕ್ಕೆ ಇಳಿಯಿತು. ಪಾಪ, ಮಂಡಿನೋವಿರಬೇಕು ಅಂದುಕೊಂಡಿದ್ದೆ. ತೊಂದರೆಯೆಂದರೆ ನಮ್ಮ ಅರಸೀಕೆರೆ ಕಡೆ ಊಟವೆಂದರೆ ಮುದ್ದೆ. ಅನ್ನದ ಮೇಲೆ ಎಷ್ಟು ಹೊತ್ತಾದರೂ ಮುನಿಸಿಕೊಳ್ಳಬಹುದು. ಮುದ್ದೆ ಆರಿ ಗಟ್ಟಿಯಾದ ಮೇಲೆ ರಾಜಿಯಾಗಿ ಏನು ಪ್ರಯೋಜನ?

ಹೋದ ಮಳೆಗಾಲದಲ್ಲಿ ಗಿರಿಜೆ ಗಂಡಸಿ ಊರಿನಲ್ಲಿರುವ ತನ್ನ ಅಕ್ಕನ ಮನೆಯಿಂದ ಒಂದು ಮುಟ್ಟಿದರೆ ಮುನಿ ಗಿಡ ತಂದು ಕುಂಡದಲ್ಲಿ ನೆಟ್ಟು, “ತಗೊಳ್ಳಿ, ನಿಮಗೊಬ್ಬ ತಮ್ಮ ಬಂದ” ಅಂದಳು. ಅಂದಿನಿಂದ ಮನೆಯಲ್ಲಿ ನಮ್ಮಿಬ್ಬರಿಗೂ ಒಂದೇ ಹೆಸರು. ಆ ಮಾತಿಗೂ ನಾನು ಮುನಿಸಿಕೊಂಡೆನೆಂದು ಬೇರೆ ಹೇಳಬೇಕಿಲ್ಲ.

ನಾನು ಹಳೇಬೀಡಿನಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಒಂದು ಶನಿವಾರ ನನ್ನ ಪಾಠ ನೋಡಲು ವಿಷಯ ಪರಿವೀಕ್ಷಕರು ಬರುವವರಿದ್ದರು. ಪಾಠ: ಸಸ್ಯಗಳು ಸುತ್ತಲಿನದನ್ನು ಹೇಗೆ ಅರಿಯುತ್ತವೆ. ಅವರಿಂದ ಒಂದು ‘ಭೇಷ್’ ಪಡೆಯಲೇಬೇಕೆಂಬ ಹಟ ನನಗೆ. ಪುಸ್ತಕದ ಚಿತ್ರವೇಕೆ, ಜೀವಂತ ತಮ್ಮನೇ ಇರುವಾಗ ಎಂದು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ.

ಪಕ್ಕದಲ್ಲಿ ಕೂತ ಅಜ್ಜಿ, “ಏನ್ ಮೇಷ್ಟ್ರೇ, ಮುಟ್ಟಿದ್ರೆ ಮುನಿಯಾ? ನಮ್ಮ ತೋಟದಾಗೆ ಬೇಕಾದಷ್ಟು ಐತೆ” ಎನ್ನುತ್ತಲೇ ಮುಟ್ಟಿತು. ಬೇಕಾದಷ್ಟು ಇದ್ದರೆ ನನ್ನದನ್ನೇಕೆ ಮುಟ್ಟಬೇಕು? ಎಲೆ ಮಡಚಿಕೊಂಡಿತು, ಅಜ್ಜಿ ನಕ್ಕಿತು. ಮುಂದಿನ ಸೀಟಿನವರು ತಿರುಗಿ ಕೈಚಾಚಿದರು. ಕಂಡಕ್ಟರು ಪ್ರತಿ ಸ್ಟಾಪಿಗೂ ಬಂದು, “ಎದ್ದೈತಾ ಸಾರ್?” ಎಂದು ಬೆರಳಾಡಿಸಿ ಹೋದ. ಬೇಡವೆನ್ನಬಹುದಿತ್ತು. ಆದರೆ ಇಷ್ಟು ಜನ ಇಷ್ಟು ಆಸಕ್ತಿಯಿಂದ ನನ್ನ ಪಾಠ ಎಂದೂ ಕೇಳಿರಲಿಲ್ಲ. ನಾನೇ ಮುಟ್ಟಿ ಮುಟ್ಟಿ ತೋರಿಸಿದೆ. ಉಳಿದ ಕೆಲಸವನ್ನು ರಸ್ತೆಯ ಗುಂಡಿಗಳು ಮಾಡಿದವು.

ತರಗತಿಯಲ್ಲಿ ಪರಿವೀಕ್ಷಕರು ಗಂಭೀರವಾಗಿ ಬೆರಳು ಚಾಚಿ ಮುಟ್ಟಿದರು. ಬಿಚ್ಚಿಕೊಂಡಿದ್ದ ಎಲೆ ಅಲುಗಲಿಲ್ಲ. ಇನ್ನೊಂದು ಸಲ ಮುಟ್ಟಿದರು. ದೇವಸ್ಥಾನದ ಗೋಡೆಯಲ್ಲಿ ಕೆತ್ತಿದ ಬಳ್ಳಿಯಾದರೂ ಒಂದಿಷ್ಟು ಮಿಸುಕೀತು, ಇದು ಮಿಸುಕಲಿಲ್ಲ. “ಮೇಷ್ಟ್ರೇ, ಅವಸರದಲ್ಲಿ ಹುಣಸೆ ಸಸಿ ತಂದುಬಿಟ್ರೇನ್ರೀ?” ಎಂದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಬುದ್ಧಿ ಬಂದದ್ದು ವಾಪಸು ಬರುವ ಬಸ್ಸಿನಲ್ಲಿ, ಜಾವಗಲ್ ದಾಟಿದ ಮೇಲೆ. ಎಂದೋ ಓದಿದ್ದೆ: ಪದೇ ಪದೇ ಮುಟ್ಟಿದರೂ ಏನೂ ಕೇಡಾಗದಿದ್ದರೆ ಈ ಗಿಡ ಮಡಚಿಕೊಳ್ಳುವುದನ್ನು ನಿಲ್ಲಿಸುತ್ತದೆ. ಎಲೆ ಮುಚ್ಚಿ ಕೂತರೆ ಬಿಸಿಲು ತಪ್ಪುತ್ತದೆ, ಹೊಟ್ಟೆಗೆ ನಷ್ಟ. ಈ ಮಾತನ್ನು ಅಲ್ಲೇ ಹೇಳಿದ್ದರೆ ‘ಭೇಷ್’ ನನ್ನದಾಗುತ್ತಿತ್ತು.

ಮನೆಗೆ ಬಂದವನೇ, “ನನಗೆ ಊಟ ಬೇಡ” ಎಂದು ಪಡಸಾಲೆಯಲ್ಲಿ ಕೂತೆ. ಒಂದು ಕರೆ ಬಂತು. ಎರಡನೆಯದಕ್ಕೆ ಕಾದೆ. ಒಳಗಿನಿಂದ ಮಗಳ ದನಿ: “ಅಮ್ಮಾ, ಅಪ್ಪ ಮುನಿಸ್ಕೊಂಡಿದ್ದಾರೆ.” ಗಿರಿಜೆಯ ದನಿ: “ಮುನಿಸ್ಕೊಳ್ಳಲಿ ಬಿಡೇ. ಮುದ್ದೆ ಆರೋದ್ರೊಳಗೆ ಬತ್ತಾರೆ.”

ಹೋದೆ. ಮತ್ತೇನು ಮಾಡಲಿ, ಬಸ್ಸಾರು ಘಮ್ಮೆನ್ನುತ್ತಿತ್ತು. ತಟ್ಟೆಯ ಮುಂದೆ ಕೂತು, ಹೋದ ಮಾನ ಮನೆಯಲ್ಲಾದರೂ ಉಳಿಯಲೆಂದು ನಡೆದದ್ದನ್ನೆಲ್ಲ ಹೇಳಿ, “ಗಿಡ ಕೆಟ್ಟಿಲ್ಲ ಕಣೇ, ಕಲಿತಿದೆ. ಈ ಮುಟ್ಟೋದ್ರಿಂದ ಏನೂ ಆಗಲ್ಲ ಅಂತ ಗೊತ್ತಾಗಿ ಸುಮ್ಮನಾಗಿದೆ” ಎಂದು ವಿವರಿಸಿದೆ.

ಗಿರಿಜೆ ಮುದ್ದೆಯ ಪಕ್ಕಕ್ಕೆ ಸಾರು ಬಿಡುತ್ತಾ, “ಒಂದೇ ಬೆಳಿಗ್ಗೇಲಿ ಕಲೀತಾ? ಚುರುಕು ಗಿಡ ಕಣ್ರೀ. ನನಗೆ ಎರಡು ವರ್ಷ ಬೇಕಾಯ್ತು” ಅಂದಳು.

ಇಷ್ಟು ದಿನ ಆ ಗಿಡ ನನ್ನ ತಮ್ಮನೆಂದುಕೊಂಡಿದ್ದೆ; ಅದು ಅವಳ ಕಡೆಯ ನೆಂಟ. ಎದ್ದು ಪಡಸಾಲೆಗೆ ಹೋಗಬೇಕೆನಿಸಿತು. ಆದರೆ ಮುದ್ದೆ ಬಿಸಿಯಾಗಿತ್ತು, ಮೇಲೆ ತುಪ್ಪವೂ ಬಿದ್ದಿತ್ತು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಅವಳ ಮಾತನ್ನೂ ಜೊತೆಗೇ ನುಂಗಿದೆ, ಸಲೀಸಾಗಿ ಇಳಿಯಿತು.