ಬರಿಗಾಲ ಡಾಕ್ಟರ ಹರಕೆ

ಈ ಕಥೆಯ ಮೊದಲ ತುಂಡನ್ನು ನನಗೆ ಹೇಳಿದವರು ಕಡಲ ದಡದ ಕೋಡಿಯಲ್ಲಿ ದೋಣಿ ನಡೆಸುವ ಮೀನುಗಾರ ಮರಕಾಲರು. ಉಳಿದದ್ದನ್ನು ನಾನೇ ಕಂಡೆ. ನೆರೆ ಬಂದಾಗಲೆಲ್ಲ ನಮ್ಮ ಕಡೆ ಅಳುವಂಥದ್ದರ ಪಕ್ಕದಲ್ಲೇ ನಗುವಂಥದ್ದೂ ಒಂದು ನಡೆದುಬಿಡುತ್ತದೆ.

ದೋಣಿ ಹತ್ತುವಾಗ

ಮೊಬೈಲು ಇನ್ನೂ ಅಪರೂಪವಾಗಿದ್ದ ವರ್ಷ. ನಮ್ಮೂರು ಗುಲ್ವಾಡಿಗೆ ಹೊಳೆ ನುಗ್ಗಿತ್ತು. ಘಟ್ಟದ ಮೇಲಿಂದ ಮೂವರು ಡಾಕ್ಟರು, ಯಾರೂ ಕರೆಯದೆ, ರಜೆ ಹಾಕಿ ಬಂದಿದ್ದರು. ಮರಕಾಲರು ಲಾರಿಯಲ್ಲಿ ತಂದು ನೀರಿಗಿಳಿಸಿದ್ದ ದೋಣಿಗೆ ಅವರು ಬೂಟುಗಾಲು ಇಡಹೋದರು. ದೋಣಿಯೆಂದರೆ ಮರಕಾಲರಿಗೆ ದೇವರು. "ಹ್ವಾಯ್, ಮೆಟ್ ಹಾಯ್ಕಂಡ್ ಹತ್ತುಕಾಗ" ಎಂದರು. ಬೂಟು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಲಿ ಎಂಬುದು ಅವರ ಲೆಕ್ಕ. ಡಾಕ್ಟರುಗಳು ದೇವಸ್ಥಾನದ ಬಾಗಿಲಲ್ಲಿ ಬಿಡುವ ಹಾಗೆ ದಡದಲ್ಲೇ ಸಾಲಾಗಿ ಬಿಟ್ಟು, ಕೈಮುಗಿದು ಹತ್ತಿದರು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಬೂಟುಗಳು ತೇಲಿ ಹೊರಟಿದ್ದವು.

"ಸಮುದ್ರ ನೋಡುವ ಆಸೆ ನಮಗಿತ್ತು, ಅವೇ ಮೊದಲು ಹೋದವು" ಅಂದರಂತೆ ಹಿರಿಯ ಡಾಕ್ಟರು.

ಶಾಲೆಯಲ್ಲಿ

ಜನ ಸೇರಿದ್ದ ಶಾಲೆಯಲ್ಲಿ ಅವರು ಬರಿಗಾಲಲ್ಲೇ ಕೆಸರು ತುಳಿಯುತ್ತ ಗಾಯ ತೊಳೆದರು, ಮಕ್ಕಳ ವಾಂತಿಯನ್ನೂ ಬಳಿದರು. ಅಡುಗೆಯ ಹೆಂಗಸರು, ಇವರು ಹರಕೆ ಹೊತ್ತವರೇ, ಇಲ್ಲದಿದ್ದರೆ ಡಾಕ್ಟರು ಬರಿಗಾಲಲ್ಲಿ ತಿರುಗುವುದುಂಟೇ ಎಂದು ತೀರ್ಮಾನಿಸಿದರು. ನಮಗೆಲ್ಲ ಗಂಜಿ, ಒಣಮೀನು ಚಟ್ನಿ. ಹರಕೆಯವರು ಮೀನು ಮುಟ್ಟಬಾರದೆಂದು ಅವರಿಗೆ ಭಕ್ತಿಯಿಂದ ಬಾಳೆಲೆಯಲ್ಲಿ ಅವಲಕ್ಕಿ, ಬಾಳೆಹಣ್ಣು. ಹಿರಿಯ ಡಾಕ್ಟರು ನನ್ನ ಚಟ್ನಿಯನ್ನು ನೋಡಿದ ನೋಟಕ್ಕೆ ನನಗೆ ಗಂಜಿ ಇಳಿಯಲಿಲ್ಲ.

ಅಟ್ಟದ ಅಜ್ಜಿ

ಊಟವಾದ ಮೇಲೆ ದಾರಿ ತೋರಿಸಲು ನಾನೂ ದೋಣಿ ಹತ್ತಿದೆ. ಒಂದು ಮನೆಯ ಅಟ್ಟದಲ್ಲಿ ಅಜ್ಜಿ ಮತ್ತು ಅವರ ಮಗ. ಅಜ್ಜಿಯ ಕಾಲಿನ ಗಾಯ ಕೀವಾಗಿ ಮೈ ಸುಡುತ್ತಿತ್ತು. ಇವತ್ತೇ ಕುಂದಾಪುರಕ್ಕೆ ಒಯ್ಯದಿದ್ದರೆ ಉಳಿಯುವುದಿಲ್ಲ ಎಂದರು ಹಿರಿಯ ಡಾಕ್ಟರು. ಆಸ್ಪತ್ರೆಯಲ್ಲಿ ಕಾಲು ಕಡಿಯುತ್ತಾರೆ, ಬರಲಾರೆ ಎಂದು ಅಜ್ಜಿ ಕಂಬ ಹಿಡಿದು ಕೂತರು. ಮಗ ಅತ್ತರು. ನಾನು ಆನೆಗುಡ್ಡೆ ಗಣಪತಿಗೆ ಕಾಯಿ ಹೇಳಿಕೊಂಡೆ. ಆಗ ಅಜ್ಜಿಯ ಕಣ್ಣು ಡಾಕ್ಟರ ಬರಿಗಾಲಿಗೆ ಬಿತ್ತು.

"ಎಂತ ಹರ್ಕಿ ಡಾಕ್ಟ್ರೆ ನಿಮ್ದ್?"

ಡಾಕ್ಟರು ಕೆಸರು ಮೆತ್ತಿದ ತಮ್ಮ ಕಾಲು ನೋಡಿಕೊಂಡರು. "ಈ ಊರಲ್ಲಿ ಒಬ್ಬರೂ ಸಾಯಬಾರದು ಅಂತ, ಅಜ್ಜಿ."

ಅಜ್ಜಿ ಕಂಬ ಬಿಟ್ಟು ಹೊರಡಲು ಕೈ ಚಾಚಿದರು. "ನಿಮ್ ಹರ್ಕಿ ನನ್ನಿಂದ ಕೆಡುದ್ ಬ್ಯಾಡ. ಹೋಪ."

ಬುತ್ತಿ

ಕಾಲು ಉಳಿಯಿತು. ಆಸ್ಪತ್ರೆಯಲ್ಲಿ ಅಜ್ಜಿಯ ಜ್ವರ ಇಳಿದ ದಿನ ಮರಕಾಲರು ಹಿರಿಯ ಡಾಕ್ಟರಿಗೆಂದು ಬುತ್ತಿಯಲ್ಲಿ ಅನ್ನ, ಬಂಗುಡೆ ಮೀನಿನ ಸಾರು ತಂದರು. ಡಾಕ್ಟರು ತುತ್ತು ಎತ್ತಿದ್ದಷ್ಟೇ, ಮಂಚದಿಂದ ಅಜ್ಜಿ ಕೇಳಿದರು: "ನಾನಿನ್ನೂ ಎದ್ದ್ ನಡೀಲಿಲ್ಲ. ಹರ್ಕಿ ಹ್ಯಾಂಗ್ ಮುಗಿತ್ತ್?"

ಡಾಕ್ಟರು ತುತ್ತು ಇಳಿಸಿ ಬುತ್ತಿ ಮುಚ್ಚಿದರು. ಅಜ್ಜಿ ತಮ್ಮ ಕಾಲಲ್ಲೇ ನಡೆದು ಮನೆಗೆ ಹೊರಡುವ ತನಕ ಅವರು ತಿಂದದ್ದು ಅವಲಕ್ಕಿ.

ನಿಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಬರಲಾರೆ ಎಂದು ಕೂತರೆ, ದಯವಿಟ್ಟು ಅವರಿಗೆ ಈ ಕಥೆ ಹೇಳಿ.