ಮದ್ದಿನ ಲಾರಿ ಮತ್ತು ತೇಜಾಬ್ ಸಾಹೇಬರು

‘ಅಪಾಯದ ಮಾಲು, ದೂರ ಇರಿ’ ಎಂದು ಎಷ್ಟು ಜೋರಾಗಿ ಕೂಗುತ್ತೇವೋ, ನಮ್ಮ ಜನ ಅಷ್ಟು ಹತ್ತಿರ ಬರುತ್ತಾರೆ. ನಿಜಾಮರ ಆಳ್ವಿಕೆ ಮುಗಿದ ಹೊಸತು. ಕಾಲುವೆ ಕೆಲಸಕ್ಕೆ ಬೇಕಾದ ಸಿಡಿಮದ್ದು, ಆಸಿಡ್ಡು ಎಲ್ಲ ರಾಯಚೂರು ಸ್ಟೇಶನ್ನಿನವರೆಗೆ ರೈಲಿನಲ್ಲಿ ಬರುತ್ತಿತ್ತು. ಮುಂದೆ ಹಳಿ ಇಲ್ಲ, ನನ್ನ ಲಾರಿಯೇ ರೈಲು. ಊರುಗಳ ನಡುವೆ ಅದನ್ನು ಹೊತ್ತು ಹೋಗುವಾಗ ನನ್ನ ಜೀವ ಬಾಯಿಗೆ ಬಂದಿರುತ್ತಿತ್ತು. ಊರಿನವರಿಗೆ ಅದು ಪುಕ್ಕಟೆ ತಮಾಷೆ.

ಕೆಂಪು ಬಾವುಟ

ಮದ್ದಿನ ಲಾರಿಗೆ ಕೆಂಪು ಬಾವುಟ ಕಟ್ಟಬೇಕೆಂದು ಕಾಯಿದೆ. ಕಟ್ಟಿಕೊಂಡು ಲಿಂಗಸುಗೂರಿಗೆ ಬಂದೆ. ಕಮ್ಯುನಿಸ್ಟರೆಂದರೆ ಪೊಲೀಸರು ಬೆಚ್ಚಿಬೀಳುತ್ತಿದ್ದ ಕಾಲ. ಜಮಾದಾರರೊಬ್ಬರು ಲಾಠಿ ಅಡ್ಡ ಹಿಡಿದರು.

“ಯಾವ ಪಾರ್ಟಿಯಾಂವ ಲೇ ನೀ?”

“ಪಾರ್ಟಿ ಅಲ್ರೀ, ಲಾರಿ ತುಂಬ ಮದ್ದು ಐತ್ರೀ. ಒಂದು ಕಿಡಿ ಬಿದ್ರ ನೀವೂ ಇಲ್ಲ, ನಾನೂ ಇಲ್ಲ.”

“ಮದ್ದು ಇದ್ರ ಇರ್ಲಿ. ಮೊದಲ ಆ ಬಾವುಟ ಇಳಸು!”

ಇಳಿಸಿದೆ. ಅವರು ಸಮಾಧಾನವಾಗಿ ಬೀಡಿ ಹಚ್ಚಲು ಕಡ್ಡಿಪೆಟ್ಟಿಗೆ ತೆಗೆದರು. ಅವತ್ತು ನನ್ನ ಲಾರಿ ಓಡಿದ ಹಾಗೆ ಮೇಲ್ ರೈಲೂ ಓಡಿರಲಿಕ್ಕಿಲ್ಲ.

ಮಂದು

ಸಿಂಧನೂರಿನಲ್ಲಿ ಚಹಾಕ್ಕೆ ನಿಂತಾಗ ಯಾರೋ “ಒಳಗೇನೈತಿ?” ಎಂದರು. ಜೊತೆಗಿದ್ದ ತೆಲುಗು ಹಮಾಲ “ಮಂದು” ಎಂದುಬಿಟ್ಟ. ಅವನ ಭಾಷೆಯಲ್ಲಿ ಸಿಡಿಮದ್ದೂ ಮಂದು, ಔಷಧವೂ ಮಂದು, ಸಾರಾಯಿಯೂ ಮಂದು. ಗಂಡಸರು ಲೋಟ ತಂದರು, ಹೆಂಗಸರು ಶೀಶೆ ತಂದರು. ಎಲ್ಲರನ್ನೂ ಬೈದು ಕಳಿಸಿದೆ. ಒಬ್ಬ ಮುದುಕಿ ಮಾತ್ರ ಕದಲಲಿಲ್ಲ.

“ಮೊಣಕಾಲಿಗೆ ಒಂದೀಟು ಕೊಡಪ್ಪಾ.”

“ಯವ್ವಾ, ಇದು ಕಲ್ಲು ಒಡಿಯೋ ಮದ್ದು!”

“ಅದಕ್ಕ ಕೇಳಾಕತ್ತೀನಿ. ನನ್ನ ಮೊಣಕಾಲೂ ಕಲ್ಲಾಗ್ಯಾವ.”

ಸಾಹೇಬರ ಸವಾರಿ

ಆಸಿಡ್ಡಿಗೆ ನಮ್ಮ ಲಾರಿಯವರ ಬಾಯಲ್ಲಿ ಉರ್ದುವಿನ ತೇಜಾಬು ಎಂದೇ ಹೆಸರು. ಒಮ್ಮೆ ಅದರ ಗಾಜಿನ ಜಾಡಿಗಳನ್ನು ಹುಲ್ಲಿನಲ್ಲಿಟ್ಟು ಮಸ್ಕಿ ಬಜಾರದ ಮೇಲೆ ಒಯ್ಯಬೇಕಾಗಿತ್ತು. ‘ನಾಳೆ ತೇಜಾಬ್ ಬರ್ತದ, ದಾರಿ ಖಾಲಿ ಇರಲಿ’ ಎಂದು ಬಸ್ ಕಂಡಕ್ಟರನ ಕೈಲಿ ಊರ ಗೌಡರಿಗೆ ಹೇಳಿಕಳಿಸಿದೆ. ಆ ಮರ್ಯಾದಸ್ಥ, ಗೌಡರ ಮುಂದೆ ‘ಬರ್ತದ’ ಅನ್ನುವುದು ಚೆನ್ನಲ್ಲವೆಂದು ‘ತೇಜಾಬ್ ಬರ್ತಾರ’ ಎಂದನಂತೆ. ದಿನಕ್ಕೊಬ್ಬ ಹೊಸ ಅಧಿಕಾರಿ ಬರುತ್ತಿದ್ದ ಕಾಲವದು; ರೈತರು ಬೆಳೆದ ಜೋಳದಲ್ಲಿ ಒಂದು ಪಾಲನ್ನು ಲೇವಿಯೆಂದು ಸರಕಾರಕ್ಕೆ ಕೊಡಲೇಬೇಕಾಗಿದ್ದ ಕಾಲವೂ ಹೌದು.

ಹೋಗಿ ನೋಡಿದರೆ ಊರಿಗೆ ಊರೇ ರಸ್ತೆಯಲ್ಲಿದೆ! ಡೊಳ್ಳು, ಹಲಗೆ ಬೇರೆ. ಕೂಸುಗಳನ್ನೆತ್ತಿಕೊಂಡ ಹೆಂಗಸರು ಲಾರಿಗೆ ಆತುಕೊಂಡೇ ನಿಂತರು. ಒಂದು ಜಾಡಿ ಒಡೆದರೆ ಎಷ್ಟು ಜನರ ಮೈ ಸುಡುತ್ತದೋ ಎಂದು ಲಾರಿ ನಿಲ್ಲಿಸಿ ಕೆಳಗೆ ಹಾರಿದೆ. ಗೌಡರು ಹಾರ ಹಿಡಿದು ಮುಂದೆ ಬಂದರು.

“ತೇಜಾಬ್ ಸಾಹೇಬ್ರು ಎಲ್ಲಿ ಅದಾರ?”

“ಗೌಡ್ರ, ಅದು ಸಾಹೇಬ್ರಲ್ರೀ, ಸುಡೋ ನೀರು! ಜನಾನ್ನ ಹಿಂದ ಸರಸ್ರಿ!”

“ಚ್ಯಾಷ್ಟಿ ಮಾಡಬ್ಯಾಡ. ಹಿಂದ ಮಲಗ್ಯಾರೇನು?”

ಎಷ್ಟು ಕೂಗಿದರೂ ಒಬ್ಬರೂ ಸರಿಯಲಿಲ್ಲ. ಕಡೆಗೆ ಗೌಡರ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದೆ: “ಹೌದ್ರೀ, ಮಲಗ್ಯಾರ. ಮನಿಮನಿ ಹೊಕ್ಕು ಸರಕಾರದ ಲೇವಿ ಜೋಳ ವಸೂಲಿ ಮಾಡಾಕ ಬಂದಾರ.”

ಡೊಳ್ಳು ನಿಂತಿತು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಬಜಾರ ಖಾಲಿ. ಗೌಡರು ಹಾರವನ್ನು ನನ್ನ ಕೊರಳಿಗೇ ಹಾಕಿ, ಪಂಚೆ ಎತ್ತಿ ಕಟ್ಟುತ್ತ ಮೆಲ್ಲಗೆ ಹೇಳಿದರು:

“ಸಾಹೇಬ್ರು ಎದ್ದು ಕೇಳಿದ್ರ, ಗೌಡ ಊರಾಗಿಲ್ಲ ಅಂತ ಹೇಳಿಬಿಡಪ್ಪಾ!”