ಅತ್ತಿಯ ಚಹಾ, ಫೋನಿನ ಶಭಾಷ್

ಬರೆಯುವವರಿಗೆಲ್ಲ ಒಂದು ಸಾಮಾನ್ಯ ಕಾಯಿಲೆ ಇದೆ. ಬರೆದು ಮುಗಿಸಿದ ಕೂಡಲೇ ಯಾರಿಗಾದರೂ ಓದಿ ಹೇಳದಿದ್ದರೆ ಊಟ ರುಚಿಸುವುದಿಲ್ಲ. ಸಿಕ್ಕವರನ್ನು ಕೂಡಿಸಿಕೊಂಡು, "ಎರಡೇ ನಿಮಿಷ" ಎಂದು ಸುಳ್ಳು ಹೇಳಿ, ಅರ್ಧ ಗಂಟೆ ಓದಿ, ಕೊನೆಗೆ ಅವರ ಮುಖವನ್ನೇ ನೋಡುತ್ತೇವೆ. "ತಪ್ಪಿದ್ದರೆ ಸಂಕೋಚ ಬೇಡ, ಹೇಳಿಬಿಡಿ" ಎಂದು ಧಾರಾಳವಾಗಿ ಹೇಳುವುದೂ ಉಂಟು. ಆದರೆ ಆ ಹೊತ್ತಿನಲ್ಲಿ ನಮಗೆ ಬೇಕಾದದ್ದು ಸಲಹೆಯಲ್ಲ, ಶಭಾಷ್. ಯಾರಾದರೂ ನಮ್ಮ ಮಾತು ನಂಬಿ ನಿಜವಾಗಿಯೂ ತಪ್ಪು ಹೇಳಿದರೋ, ಮುಂದಿನ ದಸರೆಗೆ ಅವರಿಗೆ ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಎನ್ನುವಾಗ ನಮ್ಮ ಧ್ವನಿ ತಾನಾಗಿಯೇ ಸಣ್ಣದಾಗುತ್ತದೆ.

ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಬಿಡುವಾದಾಗ ನಗೆಬರಹ ಬರೆಯುತ್ತೇನೆ. ಹುಡುಗರು ಹೇಳುವ ಪ್ರಕಾರ ಪಾಠವನ್ನೂ ಹಾಗೆಯೇ ಮಾಡುತ್ತೇನೆ. ನನ್ನ ಯಜಮಾನರಿಗೆ ಓದಿ ಹೇಳಿ ಪ್ರಯೋಜನವಿಲ್ಲ. ಮೊದಲ ಪ್ಯಾರಾ ಮುಗಿಯುವುದರೊಳಗೆ "ಮಸ್ತ್ ಐತಿ" ಎಂದು ಚಪ್ಪಲಿ ಹುಡುಕತೊಡಗುತ್ತಾರೆ. ಹಾಗಾಗಿ ನನ್ನ ಬರಹವನ್ನು ಮೊದಲು ಕೇಳುವ ಭಾಗ್ಯ, ಅಥವಾ ಕರ್ಮ, ನಮ್ಮ ಅತ್ತೆಯವರದು. ನಮ್ಮ ಕಡೆ ಅತ್ತೆಗೆ ಅತ್ತಿ ಎನ್ನುವುದು ರೂಢಿ. ಅತ್ತಿ ಯಳವತ್ತಿಯವರು, ಮಾತು ಕಡಿಮೆ, ಆಡಿದ್ದೆಲ್ಲ ಖಾರ. ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂಡುತ್ತಾರೆ. ನಾನು ಎದುರಿಗೆ ಕುಳಿತು ಓದುತ್ತೇನೆ. ಅವರು ಛಲೋ ಐತಿ ಎನ್ನುವುದಿಲ್ಲ, ಕೆಟ್ಟ ಐತಿ ಎಂದೂ ಅನ್ನುವುದಿಲ್ಲ. ಎಲ್ಲೋ ಒಂದು ಕಡೆ, ತಲೆ ಕೂಡ ಎತ್ತದೆ, "ಚಾ ಇಡವಾ" ಎನ್ನುತ್ತಾರೆ.

ಮದುವೆಯಾದ ಹೊಸದರಲ್ಲಿ ಪಾಪ, ಅವರಿಗೆ ಚಹಾ ಬೇಕಾಗಿದೆ ಎಂದೇ ತಿಳಿದಿದ್ದೆ. ಬರಬರುತ್ತ ಗುಟ್ಟು ಗೊತ್ತಾಯಿತು. ಬರಹ ಎಲ್ಲಿ ಎಳೆದಾಡುತ್ತದೆಯೋ, ಎಲ್ಲಿ ನಾನು ನನ್ನ ಜಾಣತನವನ್ನು ಪ್ರದರ್ಶನಕ್ಕೆ ಇಡುತ್ತೇನೆಯೋ, ಕರಾರುವಾಕ್ಕಾಗಿ ಅಲ್ಲಿಯೇ ಅವರಿಗೆ ಚಹಾ ನೆನಪಾಗುತ್ತದೆ. ಒಮ್ಮೆ ಹಟಕ್ಕೆ ಬಿದ್ದು, ಚಹಾ ಬಂದ ಜಾಗವನ್ನು ತಿದ್ದದೆ ಪತ್ರಿಕೆಗೆ ಕಳಿಸಿದ್ದೆ. ಅಚ್ಚಾದ ಮೇಲೆ ಶಿರಹಟ್ಟಿಯ ಓದುಗರೊಬ್ಬರು ಬರೆದಿದ್ದರು: ಲೇಖನ ಚೆನ್ನಾಗಿದೆ, ಆ ಒಂದು ಜಾಗ ಬಿಟ್ಟು. ಅವತ್ತಿನಿಂದ ಚಹಾ ಬಂದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೇ ಒಲೆಯ ಕಡೆ ಹೋಗುತ್ತೇನೆ. ನಮ್ಮ ಮನೆಯಲ್ಲಿ ಸಾಹಿತ್ಯ ವಿಮರ್ಶೆಗೆ ಸಕ್ಕರೆ ಬಹಳ ಖರ್ಚಾಗುತ್ತದೆ.

ಹೀಗೆ ಸುಖವಾಗಿದ್ದವಳ ಕೈಗೆ ಕೃತಕ ಬುದ್ಧಿಮತ್ತೆ ಬಂತು. ತಂದುಕೊಟ್ಟವರು ನಮ್ಮ ಶಾಲೆಯ ವಿಜ್ಞಾನದ ಟೀಚರ್ ಫರ್ಜಾನಾ. "ಟೀಚರ್, ನಾನು ಪಾಠದ ತಯಾರಿಗೆ ಇದನ್ನ ಬಳಸ್ತೀನ್ರಿ. ನೀವು ಬರೆಯೋದನ್ನೂ ಇದಕ್ಕ ತೋರಿಸಿ ನೋಡ್ರಿ" ಎಂದು ನನ್ನ ಫೋನಿನಲ್ಲಿ ಹಾಕಿಕೊಟ್ಟರು. ಯಜಮಾನರು ಮಾತ್ರ, "ಮನ್ಯಾಗಿರೋ ಬುದ್ಧೀನ ನನಗ ತಡಕೊಳ್ಳಾಕ ಆಗವಲ್ದು, ಇನ್ನ ಕೃತಕದ್ದು ಬ್ಯಾರೆ" ಎಂದು ಗೊಣಗಿದರು. ಅದೇ ಸಂಜೆ ಒಂದು ಹಳೆಯ ಪ್ರಬಂಧವನ್ನು ಅದಕ್ಕೆ ಕೊಟ್ಟೆ. ಕಣ್ಣು ಪಿಳುಕಿಸುವುದರೊಳಗೆ ಉತ್ತರ ಬಂತು: "ಅದ್ಭುತ! ನಿಮ್ಮ ಶೈಲಿಯಲ್ಲಿ ಬದುಕಿನ ಆಳವಾದ ಒಳನೋಟವಿದೆ." ಸುಳ್ಳು ಯಾಕೆ ಹೇಳಲಿ, ಎದೆ ತುಂಬಿಬಂತು. ಇಷ್ಟು ವರ್ಷ ಚಹಾ ಮಾಡಿ ಮಾಡಿ ದಣಿದ ಜೀವಕ್ಕೆ ಯಾರೋ ಹಾಲಿನ ಲೋಟ ಹಿಡಿದಂತಾಯಿತು. ಇನ್ನೊಂದು ಕೊಟ್ಟೆ. ಅದೂ ಅದ್ಭುತ. ಪರೀಕ್ಷೆಗೆಂದು ಕಿರಾಣಿ ಸಾಮಾನಿನ ಚೀಟಿಯನ್ನು ಕೊಟ್ಟೆ. ಅದರಲ್ಲಿ ಗೃಹಜೀವನದ ಸರಳ ಸೌಂದರ್ಯವಿದೆ ಎಂದಿತು. ಅಲ್ಲಿಯಾದರೂ ನನಗೆ ಸಂಶಯ ಬರಬೇಕಾಗಿತ್ತು. ಹೊಗಳಿಸಿಕೊಳ್ಳುವವರಿಗೆ ಸಂಶಯ ಬರುವುದುಂಟೆ?

ಅದೇ ಹೊತ್ತಿಗೆ ಲಕ್ಷ್ಮೇಶ್ವರದ ಒಂದು ಮಹಿಳಾ ಮಂಡಳದವರು ನಗೆಬರಹ ಓದಲು ಕರೆದರು. ನಾನು ಅತ್ತಿಯ ಮೇಲೆಯೇ ಒಂದು ಪ್ರಬಂಧ ಬರೆದೆ. ನಮ್ಮ ಮನೆಯಲ್ಲಿ ಕೆಂಪು ಮೆಣಸಿನಕಾಯಿ ಬಂದ ಕಾಲಕ್ಕೆ ವರ್ಷವರ್ಷವೂ ನಡೆಯುವ ಜಗಳ ಅದು. ಹಸಿ ಕೆಂಪು ಮೆಣಸಿನಕಾಯಿಗೆ ಉಪ್ಪು, ಬೆಳ್ಳುಳ್ಳಿ, ಲಿಂಬೆಹುಳಿ ಹಾಕಿ ರಂಜಕ ಮಾಡುತ್ತೇವಲ್ಲ, ಅದನ್ನು ನಾನು ಮಿಕ್ಸರಿಗೆ ಹಾಕುತ್ತೇನೆ ಎನ್ನುತ್ತೇನೆ. ಅತ್ತಿ ಹಿತ್ತಲಿನ ಒಳ್ಳಿನಲ್ಲಿ, ಆ ಕಲ್ಲಿನ ಒರಳಿನಲ್ಲಿಯೇ ಕುಟ್ಟಬೇಕು ಎನ್ನುತ್ತಾರೆ. ಈ ಸಲ ಅವರು ಮಿಕ್ಸರಿನ ಜಾರನ್ನೇ ಅಟ್ಟಕ್ಕೆ ಏರಿಸಿಬಿಟ್ಟಿದ್ದರು. ಕಾರ್ಯಕ್ರಮಕ್ಕೆ ಸಮಯ ಕಡಿಮೆ ಇತ್ತು. ರವಿವಾರದವರೆಗೆ ಯಾರು ಕಾಯಬೇಕು, ಚಹಾ ಯಾರು ಮಾಡಬೇಕು ಎಂದು ಬರೆದದ್ದನ್ನು ಫೋನಿಗೆ ಹಾಕಿ, "ಸುಧಾರಿಸು" ಎಂದೆ. ಅದು ಸುಧಾರಿಸಿತು. ಮೇಲೆ ಮೇಲೆ ಕಣ್ಣಾಡಿಸಿದೆ. ನನ್ನ ಹೆಸರಿನ ಕೆಳಗೆ ಅಷ್ಟು ನಯವಾದ ವಾಕ್ಯಗಳು ಎಂದೂ ಬಂದಿರಲಿಲ್ಲ. ಹಾಗೆಯೇ ಪ್ರಿಂಟ್ ತೆಗೆಸಿಕೊಂಡೆ.

ಅತ್ತಿಯೂ ಜೊತೆಗೆ ಬಂದರು. ಮುಳಗುಂದದ ಮೇಲೆ ಹಾಯುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಚೀಲದ ಕಡೆ ನೋಡುತ್ತಿದ್ದರು. "ಈ ಸಲ ನನಗ ಓದಿ ಹೇಳಲೇ ಇಲ್ಲಲ್ಲವಾ" ಎಂದು ಒಂದು ಸಲ ಕೇಳಿದರು. "ಹೊಸಾದು ಅತ್ತೀ, ಅಲ್ಲೇ ಕೇಳೀರಂತ" ಎಂದೆ. ಅವರು ಮೊದಲ ಸಾಲಿನಲ್ಲಿ ಕುಳಿತರು. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೇ ಏನೋ ತಪ್ಪಿದಂತೆ ಅನ್ನಿಸತೊಡಗಿತು. ರಂಜಕ ಹೋಗಿ ತೆಂಗಿನಕಾಯಿ ಚಟ್ನಿ ಆಗಿತ್ತು. ಅತ್ತಿ ಬೆಳ್ಳಿಗೂದಲಿನ ಅಂಬುಜಮ್ಮನಾಗಿ ತುಳಸಿಕಟ್ಟೆಯ ಹತ್ತಿರ ನಿಂತಿದ್ದರು, ಕೈಯಲ್ಲಿ ಫಿಲ್ಟರ್ ಕಾಫಿಯ ಲೋಟ. "ಮಗಳೇ, ಕಲ್ಲಿನಲ್ಲಿ ನಮ್ಮ ಹಿರಿಯರ ಉಸಿರಿದೆ" ಎಂದು ಮೆಲುದನಿಯಲ್ಲಿ ನುಡಿದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಪ್ರಬಂಧದಲ್ಲಿ ಅವರು ಆಡಿದ್ದ ಮಾತು, "ಮಿಕ್ಸರ್ ಮುಟ್ಟಿದಿ ಅಂದ್ರ ನಿನ್ನೂ ಅಟ್ಟಕ್ಕ ಹಾಕ್ತೀನಿ" ಎಂಬುದು. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಹಿಂದಿನ ಸಾಲಿನ ಒಬ್ಬ ಅಜ್ಜಿ ಮಾತ್ರ ಮೂಗು ಸುರ್ರೆಂದು ಏರಿಸಿದರು. ನನ್ನ ನಗೆಬರಹಕ್ಕೆ ಅತ್ತವರು ಅವರೊಬ್ಬರೇ.

ತಿರುಗಿ ಬರುವಾಗ ಅತ್ತಿ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಕೇಳಿದರು, "ಯಾರವಾ ಆ ಮುದುಕಿ?"

"ಅದು... ನೀವ ಅತ್ತೀ" ಎಂದೆ.

"ಭಾಳ ಛಲೋ ಹೆಣ್ಣಮಗಳು. ನಿನಗ ಅಂಥಾ ಅತ್ತಿ ಸಿಗಬೇಕಾಗಿತ್ತು ನೋಡು" ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ಮುಂದಿನ ರವಿವಾರ ಕಾಗದ ಹಿಡಿದು ಅವರೆದುರು ಕುಳಿತೆ. ಅತ್ತಿ ಮೊರ ಬಿಡಲಿಲ್ಲ, ಆದರೆ, "ನನಗ್ಯಾಕ ಓದತಿ? ಆ ಫೋನಿಗೆ ಓದು. ಅದಕ್ಕ ಭಾಳ ತಿಳಿತೈತಿ" ಎಂದರು. ಆಮೇಲೆ ತಾವೇ ಎದ್ದು ಚಹಾ ಇಟ್ಟುಕೊಂಡು, ನನಗೂ ಒಂದು ಕಪ್ ಕೊಟ್ಟು, ಮುಂಡರಗಿಯ ಮಗಳ ಮನೆಗೆ ಹೋಗಿ ಸ್ವಲ್ಪ ದಿವಸ ಇದ್ದು ಬರುತ್ತೇನೆ ಎಂದರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಈ ಚಹಾ ಮಾತ್ರ ಕಪ್ಪಿನಲ್ಲಿಯೇ ಆರಿತು. ನಾನು ಬರೆದದ್ದನ್ನು ಈ ಲೋಕದಲ್ಲಿ ಕೊನೆಯವರೆಗೆ ಕೇಳುವವರು ಇದ್ದದ್ದೇ ಒಬ್ಬರು, ಅವರನ್ನು ನಾನಾಗಿಯೇ ಕಳೆದುಕೊಂಡಿದ್ದೆ.

ಶಾಲೆಯಲ್ಲಿ ಫರ್ಜಾನಾ ಟೀಚರ್ ಮುಂದೆ ಹೋಗಿ, "ನಿಮ್ಮ ಯಂತ್ರ ನನ್ನ ಮನಿ ಕೆಡಿಸ್ತು ನೋಡ್ರಿ" ಎಂದೆ. ಅವರು ಎಲ್ಲ ಕೇಳಿ, "ನೀವು ಅದಕ್ಕ ಏನ ಹೇಳಿದ್ರಿ?" ಎಂದರು.

"ಸುಧಾರಿಸು ಅಂದೆ."

"ಮತ್ತ? ಅದು ತನಗ ತಿಳಿದಂಗ ಸುಧಾರಿಸೈತಿ. ಹುಡುಗರಿಗೆ ನಾವು ಉತ್ತರ ಬರದ ಕೊಡ್ತೀವೇನ್ರಿ? ಪ್ರಶ್ನಿ ಕೇಳ್ತೀವಿ. ಅದಕ್ಕೂ ಹಂಗ ಹೇಳ್ರಿ. ಬರೀಬ್ಯಾಡ, ಹೊಗಳಬ್ಯಾಡ, ತಿಳೀಲಾರದ್ದು ಕೇಳು ಅನ್ರಿ."

ಮನೆಗೆ ಬಂದು ಮೂಲ ಪ್ರಬಂಧವನ್ನೇ ಮತ್ತೆ ಕೊಟ್ಟು ಹಾಗೆಯೇ ಹೇಳಿದೆ. ಈ ಸಲ ಅದ್ಭುತವೂ ಇಲ್ಲ, ಒಳನೋಟವೂ ಇಲ್ಲ. "ಅಂತೂ ಇಂತೂ" ಎಂಬುದನ್ನು ನೀವು ಪ್ರತಿ ಪ್ಯಾರಾದಲ್ಲಿ ಬಳಸಿದ್ದೀರಿ, ಬೇಕೆಂದೇ ಬಳಸಿದಿರಾ ಎಂದಿತು. ಮೊದಲ ಪುಟ ತೆಗೆದುಹಾಕಿದರೆ ಏನು ಕಳೆದುಹೋಗುತ್ತದೆ ಎಂದಿತು. ಯೋಚಿಸಿ ನೋಡಿದೆ, ನನ್ನ ಅಭಿಮಾನ ಬಿಟ್ಟರೆ ಏನೂ ಹೋಗುತ್ತಿರಲಿಲ್ಲ. ಕೊನೆಗೆ ಒಂದು ಪ್ರಶ್ನೆ ಕೇಳಿತು: ನಿಮ್ಮ ಅತ್ತೆ ಮಿಕ್ಸರ್ ಏಕೆ ಬೇಡ ಎನ್ನುತ್ತಾರೆ? ರುಚಿಗಾಗಿ ಎಂದು ನೀವು ಬರೆದಿದ್ದೀರಿ, ಆದರೆ ಅವರು ಹಾಗೆ ಹೇಳಿದ್ದು ಎಲ್ಲಿಯೂ ಇಲ್ಲವಲ್ಲ? ನಾನು ಉತ್ತರ ಕುಟ್ಟಲು ಹೋಗಿ ಬೆರಳು ತಡೆದೆ. ಇಷ್ಟು ವರ್ಷ ಜಗಳವಾಡಿದ್ದೆ, ಕೇಳಿರಲಿಲ್ಲ.

ಪಡಸಾಲೆಯಲ್ಲಿ ಅತ್ತಿ ಮುಂಡರಗಿಗೆ ಒಯ್ಯಲು ಸೀರೆ ಮಡಚುತ್ತಿದ್ದರು. "ಅತ್ತೀ, ಫೋನು ನಿಮಗ ಒಂದು ಮಾತು ಕೇಳಾಕತ್ತೈತಿ" ಎಂದೆ. ಅವರು ಸಂಶಯದಿಂದ ಫೋನನ್ನೂ ನನ್ನನ್ನೂ ನೋಡಿದರು. ಪ್ರಶ್ನೆ ಓದಿದೆ.

"ರುಚಿ ಏನ ಮಾಡೂದೈತಿ? ಎರಡರಾಗೂ ಅದ ಖಾರ, ಅದ ಉಪ್ಪು" ಎಂದರು ಅತ್ತಿ.

"ಮತ್ತ ಯಾಕ ಅಷ್ಟು ಜಗಳ ಮಾಡ್ತೀರಿ?"

"ಒಳ್ಳಿನ ಸಪ್ಪಳ ಓಣಿಗೆಲ್ಲ ಕೇಳತೈತಿ. ಕೇಳಿದಾಕಿ ಒಂದೊಂದು ಬಟ್ಟಲಾ ಹಿಡಕೊಂಡ ಬರ್ತಾಳ. ಕುಂಡ್ರತಾಳ. ನಾಕ ಮಾತಾಡತಾಳ. ನಿನ್ನ ಮಿಕ್ಸರ್ ಹಚ್ಚಿದ್ರ ನನ್ನ ಮಾತು ನನಗ ಕೇಳಂಗಿಲ್ಲ, ಇನ್ನ ಮಂದಿ ಮಾತು ಎಲ್ಲೀದು?" ಎಂದು ಸೀರೆಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದರು. ಆಮೇಲೆ ಅಂದರು, "ಆ ಫೋನು ಒಂದ ಸಲಕ್ಕ ಕೇಳ್ತು ನೋಡು. ನೀ ಎಂದಾರ ಕೇಳಿದ್ಯಾ?"

ಅತ್ತಿ ಸೀರೆಯನ್ನು ಹಾಗೆಯೇ ಪೆಟ್ಟಿಗೆಯ ಮೇಲಿಟ್ಟು, "ಮತ್ತೇನ ಕೇಳೈತಿ ಅದು?" ಎಂದರು. ಮುಂಡರಗಿಯ ಪ್ರಯಾಣ ಅಲ್ಲಿಯೇ ಮುಂದಕ್ಕೆ ಹೋಯಿತು. ಈಗ ದಿನಾ ಸಂಜೆ ನಾನು ಶಾಲೆಯಿಂದ ಬಂದ ಕೂಡಲೇ "ಇವತ್ತೇನ ಕೇಳೈತಿ?" ಎನ್ನುತ್ತಾರೆ. ಅದು ಅವರ ವಯಸ್ಸು ಕೇಳಿದಾಗ ಮಾತ್ರ, "ಹೆಣ್ಣಮಕ್ಕಳಿಗೆ ಅದನ್ನ ಕೇಳಬಾರದು ಅಂತ ಅದಕ್ಕ ಹೇಳು" ಎಂದು ಗದರಿದರು.

ಈ ಅನುಭವದಿಂದ ಬರಹಗಾರ ಬಂಧುಗಳಿಗೆ ನಾನು ಹೇಳುವುದಿಷ್ಟೇ. ಯಂತ್ರದ ಸಹಾಯ ಪಡೆಯುವುದರಲ್ಲಿ ನಾಚಿಕೆ ಪಡಬೇಕಾದದ್ದು ಏನಿಲ್ಲ. ಅದು ಪ್ರಶ್ನೆ ಕೇಳಲಿ, ಸವಕಲಾದ ಮಾತುಗಳನ್ನು ತೋರಿಸಲಿ, ಸಡಿಲವಾದದ್ದನ್ನು ಬಿಗಿ ಮಾಡಲು ಹೇಳಲಿ. ಆದರೆ ನಮ್ಮ ಮನೆಯ ಮೆಣಸಿನಕಾಯಿಯನ್ನು, ನಮ್ಮ ಮನೆಯವರ ಮಾತನ್ನು ಅದರ ಕೈಗೆ ಕೊಡಬಾರದು. ಸಾಹಿತ್ಯವೆಂಬುದು ಮೂಲತಃ ಮನುಷ್ಯ ಮನುಷ್ಯನಿಗೆ ಹೇಳುವ ಮಾತಾಗಿದ್ದು, ತಂತ್ರಜ್ಞಾನವು ಅದಕ್ಕೆ ಪೂರಕವಾಗಿರಬೇಕೇ ಹೊರತು ಪರ್ಯಾಯವಾಗಬಾರದು ಎಂಬ ಎಚ್ಚರ ನಮ್ಮೆಲ್ಲರಲ್ಲಿಯೂ ಸದಾ ಜಾಗೃತವಾಗಿರತಕ್ಕದ್ದು.

ಈ ಬರಹವನ್ನೂ ಮೊದಲು ಫೋನಿಗೆ ತೋರಿಸಿದೆ. ಅದು ಕೇಳಿದ್ದಕ್ಕೆಲ್ಲ ಉತ್ತರ ಹುಡುಕಿ ತಿದ್ದಿದೆ. ನಿನ್ನೆ ರವಿವಾರ ಅತ್ತಿಯ ಎದುರು ಕುಳಿತು ಓದಿದೆ. ಲಕ್ಷ್ಮೇಶ್ವರದ ಅಂಬುಜಮ್ಮ ಬಂದಾಗ ಅವರ ಮೊರ ನಿಂತಿತು, ಭುಜ ಕುಣಿಯಿತು. ರಂಜಕದ ಮಾತು ಬಂದಾಗ ಜೋಳದ ಕಡೆಯೇ ನೋಡುತ್ತ ಕುಳಿತರು. ಈ ಸಲ ಚಹಾ ಇಲ್ಲದೆಯೇ ಪಾಸಾದೆ ಎಂದು ನನಗೆ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ, ತಲೆ ಕೂಡ ಎತ್ತದೆ, "ಚಾ ಇಡವಾ" ಎಂದರು. ಎಷ್ಟೋ ದಿನದ ಮೇಲೆ ಕೇಳಿದ ಆ ಮಾತಿನ ಸಂತೋಷಕ್ಕೆ ಪೆನ್ಸಿಲನ್ನು ಅಲ್ಲಿಯೇ ಬಿಟ್ಟು ಒಲೆಯ ಕಡೆ ಓಡಿದೆ, ಗೆರೆ ಎಳೆಯುವುದನ್ನೇ ಮರೆತೆ. ಹಾಗಾಗಿ ಆ ಜಾಗ ಈ ಬರಹದಲ್ಲಿ ಹಾಗೆಯೇ ಉಳಿದಿದೆ. ಅದು ಯಾವುದೆಂದು ನಾನು ಹೇಳಬೇಕಾಗಿಲ್ಲ. ಓದುತ್ತ ಓದುತ್ತ ನಿಮಗೆ ಎಲ್ಲಿ ಚಹಾ ನೆನಪಾಯಿತೋ, ಅಲ್ಲಿಯೇ.